ಕೂಸಿನ ತೂಕದ ಬೆಲ್ಲ

14 ಜನವರಿ, ಮುಂಜಾನೆ 7.30
1,260. ನಿನ್ನೆಗಿಂತ ಇಪ್ಪತ್ತು ಗ್ರಾಂ ಜಾಸ್ತಿ. ನಿನ್ನೆ ಮಟ ಹುಟ್ಟಿದಾಗಿನ 1,240ದಾಗ ನಿಂತಿದ್ದ. ಏಳು ತಿಂಗಳಿಗೇ ಅವಸರ ಮಾಡಿ ಬಂದಾನ, ಅಪ್ಪನಂಗ. ಹಾಲು ತೆಗೆದು ಕೊಟ್ಟೆ, ಹನ್ನೆರಡು ಎಂಎಲ್. ನಳಿಗಿಯಿಂದ ಹಾಕ್ತಾರ. ಡಾಕ್ಟರು ಅಂದ್ರು — ಒಂದೂವರಿ ಕಿಲೋ ಆಗಲಿ, ಮನಿಗೆ ಕಳಸ್ತೀವಿ.
ಆ ಒಂದೂವರಿ ಬಿಟ್ಟು ನನಗೀಗ ಬ್ಯಾರೆ ಏನೂ ಬ್ಯಾಡ.

ಅದ ದಿನ, ಸಂಜಿ
ಶಿರಗುಪ್ಪಿಯಿಂದ ಅತ್ತಿ ಫೋನ್. ಮಂಗಸೂಳಿ ಮಲ್ಲಯ್ಯಗ ಹರಕಿ ಹೊತ್ತಾರ — ಕೂಸಿನ ತೂಕದಷ್ಟು ಬೆಲ್ಲ. ಹಳೇ ತಕ್ಕಡಿ ದೇವರ ಕೋಣಿಗೆ ಒಯ್ದಿಟ್ಟಾರಂತ. 1,240 ಗ್ರಾಂ ಆಗಲೇ ಗಂಟು ಕಟ್ಟ್ಯಾರ. ಇನ್ನ ದಿನಾ ಏರಿದಷ್ಟು ತೂಗಿ ಸೇರಸ್ತಾರ.
"ಇವತ್ತೆಷ್ಟು ಕೂಡಿಸ್ಲಿ, ಶೈಲಾ?"
"ಇಪ್ಪತ್ತು ಗ್ರಾಂರೀ, ಅತ್ತಿ."
"ಅಷ್ಟ? ಇರುವಿಗೂ ಸಾಲಂಗಿಲ್ಲಲ್ಲ ಬೇ."
ನಕ್ಕೆ. ಹಡದ ಮ್ಯಾಲೆ ಮೊದಲನೇ ಸಲ.

17 ಜನವರಿ
1,310. ನಾ ಫಿಜಿಕ್ಸ್ ಕಲಸೂ ಕಾಲೇಜಿನ ಕೋಮಲ ಫೋನ್ ಮಾಡಿದ್ಲು, ಫಸ್ಟ್ ಪಿಯು ಹುಡುಗಿ. "ಮ್ಯಾಡಮ್, ಅದಿಶ ಅಂದ್ರ ಏನು, ಒಂದ ಲೈನ್‌ನ್ಯಾಗ ಹೇಳ್ರಿ." ಎಷ್ಟು ಅಂತ ಹೇಳ್ತೈತಿ, ಯಾ ಕಡೆ ಅಂತ ಹೇಳಂಗಿಲ್ಲ. ದ್ರವ್ಯರಾಶಿ, ಉಷ್ಣತೆ, ಕಾಲ. ಕೂಡಸೂದು ಸಸಾರ — ಇಪ್ಪತ್ತಕ್ಕ ಐವತ್ತು ಸೇರಿಸಿದ್ರ ಎಪ್ಪತ್ತು, ಮುಗೀತು. ಕೂಸಿನ ಗ್ರಾಂನ ಉದಾಹರಣೆ ಕೊಟ್ಟೆ. ಎಂಥಾ ಮಾಸ್ತರಣಿ ನಾ.

20 ಜನವರಿ
1,280. ಮೈ ಸುಡಾಕತ್ತೇತಿ. ರಕ್ತದಾಗ ಸೋಂಕು ಅಂದ್ರು.
ಅತ್ತಿಯವರಿಗೆ ಹೇಳಿದೆ, ಮೂವತ್ತು ಕಡಿಮಿ ಆಗೇತ್ರಿ. "ದೇವರಿಗೆ ಇಟ್ಟದ್ದು ತಿರುಗಿ ತಗ್ಯಾಂಗಿಲ್ಲ ಯವ್ವಾ. ಅಂವನೇ ಬೆಲ್ಲದ ಮಟ ಏರಿ ಬರಲಿ." ಆಮ್ಯಾಲೆ ಅತ್ತರು. ಫೋನ್ ಇಡಾಕೂ ಬರಲಿಲ್ಲ ಅವರಿಗೆ.

21 ಜನವರಿ
1,270. "ಎಷ್ಟು ಕೂಡಿಸ್ಲಿ?"
"ನಲವತ್ತು."
ಸುಳ್ಳು. ಅವರ ಅಳು ಕೇಳೂ ತಾಕತ್ತಿಲ್ಲ ನನಗ.

23 ಜನವರಿ, ಮುಂಜಾನೆ
1,240. ಹುಟ್ಟಿದ ದಿನದ್ದ ನಂಬರು. ಅವತ್ತು ಅದನ್ನ ನೋಡಿ, ಉಳೀತಾನ ಅಂತ ಖುಷಿಪಟ್ಟಿದ್ದೆ. ಇವತ್ತು ಅದನ್ನ ನೋಡಿ, ಇನ್ನೊಮ್ಮೆ ತೂಗ್ರಿ ಅಂದೆ. ಏರಾಕತ್ತೇತೋ ಇಳ್ಯಾಕತ್ತೇತೋ ಅದು ಹೇಳಂಗಿಲ್ಲ. ಹನ್ನೊಂದು ವರ್ಷ ಬೋರ್ಡ್ ಮ್ಯಾಲೆ ಬರದೀನಿ ಅದಿಶದ ಈ ಮಾತನ್ನ... ಇವತ್ತು ತಿಳೀತು.
ಅತ್ತಿಯವರಿಗೆ ಅಂದೆ — ಎಪ್ಪತ್ತು ಕೂಡಸ್ರಿ.

24 ಜನವರಿ
ಇವತ್ತು ತೂಗಲಿಲ್ಲ.

4 ಫೆಬ್ರವರಿ, ಶಿರಗುಪ್ಪಿ
ಹನ್ನೊಂದು ದಿನ ಆತು ಅಂವ ಹೋಗಿ. ಎದಿಹಾಲು ಇನ್ನೂ ಬತ್ತಿಲ್ಲ.
ನಾಳೆ ಮಂಗಸೂಳಿಗೆ. ಕೂಸು ಹೋದ್ರೂ ಹರಕಿ ಉಳಿಸ್ಕೋಬಾರದು ಅಂತಾರ ಅತ್ತಿ. ನನ್ನ ಗಂಡ ಸಂಜಯ ಬ್ಯಾಡ ಅಂದು ನೋಡಿದ್ರು, ಕೇಳಲಿಲ್ಲ.
ಈಗ ಗಂಟು ತಂದು ನನ್ನ ಬಾಜೂಕ ಕುಂತ್ರು. ಮೊಮ್ಮಗನ್ನ ಆಸ್ಪತ್ರ್ಯಾಗ ಗಾಜಿನ ಹೊರಗಿಂದ ನೋಡಿದ್ದಷ್ಟ, ಒಮ್ಮೆನೂ ಎತ್ತಿಲ್ಲ. ಗಂಟನ್ನ ಎದಿಗೆ ಹಚ್ಕೊಂಡ್ರು.
"ಶೈಲಾ, ಇಷ್ಟ ಇದ್ನಲ್ಲಾ ನನ್ನಪ್ಪ? ಕೈಗೆ ಛಲೋ ಭಾರ ಹತ್ತತಾನ."
ಒಂದು ಕಿಲೋ ನಾನ್ನೂರಾ ಇಪ್ಪತ್ತು. ಅದರಾಗ ನೂರಾ ಹತ್ತು ಗ್ರಾಂ ನನ್ನ ಸುಳ್ಳು. ಹೇಳಬೇಕಂತ ಬಾಯಿ ತೆರೆದೆ.
"ಹೌದ್ರಿ, ಅತ್ತಿ. ಇಷ್ಟ ಇದ್ದ."
ಕಣ್ಣು ಒರಸ್ಕೊಂಡು ಗಂಟು ನನ್ನ ತೊಡಿ ಮ್ಯಾಲೆ ಇಟ್ರು. ನನ್ನ ಎಡಗೈ ತಾನಾಗೇ ಕೂಸಿನ ತಲಿ ಇರೂ ಕಡೆ ಹೋಗಿ ಆಸರಾತು.