ಜೇಬಿನ ಮೇಲಿನ ಹೆಸರು

ಸೂಪರ್‌ವೈಸರ್ ಸಾಹೇಬರಿಗೆ, ಕಸೂತಿ ಮೇಜಿನವಳ ನಮಸ್ಕಾರ.

ತಪ್ಪೊಪ್ಪಿಗೆ ಬರೆದುಕೊಡು ಎಂದಿದ್ದೀರಿ. ನಡೆದದ್ದನ್ನು ಬರೆಯುತ್ತೇನೆ.

ನಿಮಗೂ ನಮ್ಮ ಮೂವರಿಗೂ ಹೊಸ ಕೋಟು ಬಂದಾಗ, "ಯಾರ್ಯಾರನ್ನ ಏನಂತ ಕರೀತೀವೋ ಅದನ್ನೇ ಜೇಬಿನ ಮೇಲೆ ಹಾಕ್ಬಿಡು" ಎಂದವರು ನೀವೇ. ಹಾಕಿದೆ. ದಪ್ಪ ಕನ್ನಡಕದ ಕಟಿಂಗ್ ಅಕ್ಕನಿಗೆ "ಗೂಬೆ". ನಿಮ್ಮ ದೊಡ್ಡಪ್ಪನ ವಯಸ್ಸಿನ ಇಸ್ತ್ರಿಯವರಿಗೆ "ಡಕೋಟಾ". ನನಗೆ "ಕುಳ್ಳಿ". ದಿನವಿಡೀ ನೀವು ಕೂಗುವುದು ಹಾಗೆಯೇ ಅಲ್ಲವೇ? ನೋಡಿದವರೇ ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ಅಕ್ಕನ ಮುಖ ಸಣ್ಣದಾದದ್ದು ಕಂಡು, "ತಮಾಷೆಗೆ ಕಣಮ್ಮ, ಮನಸ್ಸಿಗೆ ಹಚ್ಕೋಬೇಡ" ಎಂದಿರಿ.

ಆಮೇಲೆ ನಿಮ್ಮ ಕೋಟಿನ ಮಡಿಕೆ ಬಿಡಿಸಿದಿರಿ. ಜೇಬಿನ ಮೇಲೆ "ತಗಡು" ಎಂದಿತ್ತು. ನಿಮ್ಮ ಬೆನ್ನ ಹಿಂದೆ ನಾವು ಕರೆಯುವುದು ಅದನ್ನೇ. ನಾವೂ ತಮಾಷೆಗೇ ಸಾರ್. ಅದು ಹೇಗೆ ಇದೊಂದು ಮಾತ್ರ ಅವಮಾನವಾಯಿತು?

ಕ್ಷಮೆ ಕೇಳುವುದಿಲ್ಲ. ನಿಮ್ಮ ಕೋಟು ಕಳಿಸಿಕೊಡಿ, ಬಟ್ಟೆಗೆ ಗಾಯವಾಗದಂತೆ ದಾರ ಬಿಚ್ಚಿಕೊಡುತ್ತೇನೆ. ನಮ್ಮದನ್ನು ಬಿಚ್ಚುವುದಿಲ್ಲ. ನಾಳೆಯಿಂದ ಮೂವರೂ ಅದನ್ನೇ ತೊಟ್ಟು ಬರುತ್ತೇವೆ. ಇದೇನು ಹೆಸರು ಎಂದು ಗಿರಾಕಿಗಳು ಕೇಳಿದರೆ ನಿಮ್ಮ ಕೋಣೆಗೇ ಕಳಿಸುತ್ತೇವೆ.

ತಮಾಷೆ ಎಲ್ಲಿದೆ ಎಂದು ಅವರಿಗೆ ನೀವೇ ತೋರಿಸಿ.

ಇಂತಿ,
ಕೋಟಿನ ಮೇಲಿರುವಂತೆ,
ಕುಳ್ಳಿ