ಬೆಲ್ಲವಿಲ್ಲದ ಗಿಲಾವು

ಇಚಲಕರಂಜಿ, ೮ ಮೇ ೧೯೩೮, ಭಾನುವಾರ

ಮತ್ತೆ ಕೂಡಿಸಿದೆ. ಮತ್ತೆ ಎಪ್ಪತ್ತೆಂಟು ರೂಪಾಯಿ. ಹೆಣ್ಣುಮಕ್ಕಳ ಶಾಲೆಯಲ್ಲಿ ನಾಲ್ಕನೇ ಇಯತ್ತೆಗೆ ಲೆಕ್ಕ ಕಲಿಸುವವಳು ನಾನು. ಮೂರು ಸಲ ಕೂಡಿಸಿದರೆ ಕಡಿಮೆಯಾದೀತೆಂದು ಆಸೆ! ಮಂಗ್ಯಾತನ.

ಹೊಸ ಮನೆಯ ಗಿಲಾವಿಗೆ, ಗೋಡೆಗೆ ಸುಣ್ಣದ ಗಾರೆ ಮೆತ್ತುವುದಕ್ಕೆ, ಗೌಂಡಿ ಗುರುಸಿದ್ದ ಕೊಟ್ಟ ಎಸ್ಟಿಮೇಟು: ಸುಣ್ಣ ೧೬, ಉಸುಕು ೧೦, ಸುಣ್ಣ ಅರೆಯುವ ಗಾಣ-ಎತ್ತು ೬, ಬೆಲ್ಲ ೨, ಕೂಲಿ ೩೬, ಅಟ್ಟಣೆಗೆ ಬಿದಿರು ೪, ಬಿಳಿ ಬಳಿಯಲು ೪. ಎರಡೇ ಖೋಲಿಯ ಮನೆ. ಇಷ್ಟೊಂದು ಗೋಡೆ ಎಲ್ಲಿಂದ ಬಂತು? ಕೈಯಲ್ಲಿರುವುದು ಐವತ್ತೊಂದು. ಪೋಸ್ಟಿನ ಪುಸ್ತಕ ಬರಿದು ಮಾಡಿದ ಮೇಲೆ.

ಗಿಲಾವು ಬಿಡುವಂತಿಲ್ಲ. ಸುಡದ ಹಸಿ ಇಟ್ಟಿಗೆ. ಪಡುವಣ ಮಳೆ ಒಂದು ವಾರ ಹೊಡೆದರೆ ಗೋಡೆಯೆಲ್ಲ ಮಣ್ಣು.

ಅದಕ್ಕಿಂತ ದೊಡ್ಡ ಚಿಂತೆ ಪಂಚಾಂಗದ ತಿಥಿಯದು. ಅತ್ತೆ — ಮಾಣಿಕಬಾಯಿ, ತೀರಿಹೋದ ನಮ್ಮ ಯಜಮಾನರ ತಾಯಿ — ಆಷಾಢ ಚತುರ್ದಶಿಗೆ ಚಾತುರ್ಮಾಸದ ನೇಮ ಹಿಡಿಯುತ್ತಾರೆ. ಆ ದಿನ ಯಾವ ಸೂರಿನ ಕೆಳಗಿರುತ್ತಾರೋ ನಾಲ್ಕು ತಿಂಗಳು ಅಲ್ಲೇ. ಹೊಸ್ತಿಲು ದಾಟುವುದು ಬಸದಿಗೆ ಮಾತ್ರ. ಈ ಸಲ ಜುಲೈ ೧೧. ಅಷ್ಟರೊಳಗೆ ಹೊಸ ಮನೆಗೆ ಬರದಿದ್ದರೆ ಇಲ್ಲೇ, ಅವರ ಹಿರಿಯ ಮಗ ಬಾಳಗೊಂಡ ಭಾವನ ಮನೆಯಲ್ಲೇ. ಅವರು ಇಲ್ಲಿದ್ದರೆ ನಾನೂ ಇಲ್ಲಿ. ಗಂಡನಿಲ್ಲದ ಹೆಂಗಸು ಒಬ್ಬಳೇ ಮನೆ ಮಾಡುವುದನ್ನು ಭಾವ ಒಪ್ಪುವವರಲ್ಲ. ಇವತ್ತು ಊಟಕ್ಕೆ ಕುಳಿತು ಹೇಳಿಯೇ ಬಿಟ್ಟರು: "ಮನಿ ಖಾಲಿ ಬಿಡೂದ್ಯಾಕ? ಮಗ್ಗದವರು ನೂಲ ಇಡಾಕ ಕೇಳಾಕತ್ತಾರ. ತಿಂಗಳಿಗೆ ನಾಕ ರೂಪಾಯಿ."

ಒಮ್ಮೆ ನೂಲು ಹೊಕ್ಕರೆ ಹೊರಗೆ ಬಂದೀತೇ? ನನ್ನ ಹನ್ನೊಂದು ವರ್ಷದ ಪಗಾರ ಆ ಮನೆ.

ಇದನ್ನು ಕನ್ನಡದಲ್ಲೇ ಬರೆಯುತ್ತೇನೆ. ಭಾವನಿಗೆ ಓದಲು ಬರುವುದು ಮರಾಠಿ ಮಾತ್ರ. ಬಚಾವ್.

೧೧ ಮೇ, ಬುಧವಾರ

ಹಾದಿ ಸಿಕ್ಕಿತು! ಒಳಗಿನ ಗೋಡೆಗೆ ಸುಣ್ಣ ಬೇಡ. ಮಣ್ಣು, ಸೆಗಣಿ ಕಲಸಿ ನಾನೇ ಮೆತ್ತುತ್ತೇನೆ. ಶಾಲೆಗೆ ಸೂಟಿ ಇದೆ, ಎರಡು ಕೈ ಇವೆ. ಅಲ್ಲಿಗೆ ಹತ್ತೊಂಬತ್ತು ಉಳಿಯಿತು. ಬಿದಿರು ಗುರುಸಿದ್ದ ಎಲ್ಲಿಂದಲೋ ಕಡ ತರುತ್ತಾನಂತೆ — ನಾಲ್ಕು. ಬಿಳಿ ಬಳಿಯುವುದು ದೀಪಾವಳಿಗೆ — ನಾಲ್ಕು. ಸರಿಯಾಗಿ ಐವತ್ತೊಂದು.

ಗುರುಸಿದ್ದ ಲೆಕ್ಕ ಕೇಳಿ ತಲೆ ಕೆರೆದುಕೊಂಡ. "ಬಾಯಾರ, ನನ್ನ ಚಾದ ರೊಕ್ಕಾನೂ ಮುರದೀರೇನ್ರಿ?"

"ಚಾ ನಮ್ಮ ಅತ್ತ್ಯಾರು ಕೊಡ್ತಾರ."

"ಹಂಗಾರ ಆತ್ರಿ. ನಾಳಿಂದ ಗಾಣಾ ಹೂಡ್ತೇನಿ."

೨೦ ಮೇ, ಶುಕ್ರವಾರ

ಎಲ್ಲ ಕೆಟ್ಟಿತು.

ಅತ್ತೆಗೆ ಮನೆ ತೋರಿಸಲು ಕರೆದೊಯ್ದೆ. ನನ್ನದೇ ಬುದ್ಧಿ... ಹಿತ್ತಲಲ್ಲಿ ಗಾಣ ತಿರುಗುತ್ತಿತ್ತು. ಪಕ್ಕದ ಪೀಪಾಯಿಯಲ್ಲಿ ಬೆಲ್ಲ ನೆನೆಹಾಕಿತ್ತು. ಆ ನೀರು ಸುಣ್ಣಕ್ಕೆ ಬೆರೆಸಿದರೆ ಗಿಲಾವು ಗಟ್ಟಿ ಹಿಡಿಯುತ್ತದೆ. ಊರಿನ ಇರುವೆಗಳೆಲ್ಲ ಅಲ್ಲೇ. ನೀರಿನ ಮೇಲೆ ಕಪ್ಪು ಕೆನೆ ಕಟ್ಟಿದ ಹಾಗೆ. ಅರೆದ ಸುಣ್ಣದ ರಾಶಿಯ ತುಂಬ ಸತ್ತವು, ಸಾಯುತ್ತಿರುವವು.

ಒಂದು ವಾರದಿಂದ ದಿನಾ ಅಲ್ಲೇ ಓಡಾಡಿದ್ದೇನೆ. ಒಮ್ಮೆಯೂ ನೋಡಿಲ್ಲ. ನೀರು ಸೋಸದೆ ಕುಡಿಯದ ಜೈನರ ಸೊಸೆ! ಕಣ್ಣ ತುಂಬ ಬರೀ ಐವತ್ತೊಂದು.

ಅತ್ತೆ ಬಿಸಿಲಲ್ಲೇ ಕುಳಿತುಬಿಟ್ಟರು. ಸೆರಗಿನ ತುದಿಯಿಂದ ಒಂದೊಂದೇ ಇರುವೆ ಎತ್ತಿ ನೆಲಕ್ಕೆ ಬಿಡತೊಡಗಿದರು.

"ರಾಜಮತಿ, ಈ ಗ್ವಾಡ್ಯಾಗ ಎಷ್ಟ ಜೀವ ಹೂಳ್ತೀರೇ? ಇದಕ್ಕ ಬೆನ್ನ ಹಚ್ಚಿ ಕುಂತ ನಾ ಹೆಂಗ ಜಪಾ ಮಾಡ್ಲಿ?"

"ಬೆಲ್ಲ ಇಲ್ಲಂದ್ರ ಗಿಲಾವು ನಿಲ್ಲೂದಿಲ್ಲಂತ್ರಿ, ಅತ್ತ್ಯಾರ."

"ಹಂಗಾದ್ರ ನಾ ಬರೂದಿಲ್ಲ."

ಸಿಟ್ಟು ಬಂತು. ಭಯಂಕರ ಬಂತು. ನನ್ನದು ಅನ್ನುವ ಒಂದು ಮೂಲೆ ಇಲ್ಲದೆ ಇಷ್ಟು ವರ್ಷ ಬದುಕಿದ್ದೇನೆ, ಇವರಿಗೆ ಇರುವೆಯ ಚಿಂತೆ! ಬಾಯಿಗೆ ಬಂದದ್ದು ಆಡಿದೆ. ಗುರುಸಿದ್ದ ಎತ್ತು ಬಿಚ್ಚಿಕೊಂಡು ಆಚೆ ಹೋದ. ಅತ್ತೆ ತಲೆ ಎತ್ತಲಿಲ್ಲ. ಇರುವೆ ಎತ್ತುತ್ತಲೇ ಇದ್ದರು.

೨೧ ಮೇ, ಶನಿವಾರ

ಸಿಮೆಂಟು ವಿಚಾರಿಸಿದೆ. ಜಯಸಿಂಗಪುರದಿಂದ ತರಿಸಿದರೆ ಚೀಲಕ್ಕೆ ಎರಡೂವರೆ. ಹದಿನಾರು ಚೀಲ ಬೇಕಂತೆ. ನಲವತ್ತು ರೂಪಾಯಿ! ಸುಣ್ಣಕ್ಕೆ, ಉಸುಕಿಗೆ ಆಗಲೇ ಕೊಟ್ಟಾಗಿದೆ. ಅಂಗಡಿಯವನ ಮುಂದೆ ಸುಮ್ಮನೆ ನಕ್ಕು ಬಂದೆ.

ಗುರುಸಿದ್ದ ದನಿ ತಗ್ಗಿಸಿ ಹೇಳಿದ: "ನಸುಕಿನ್ಯಾಗ, ನೀವು ಬರೂದರೊಳಗ ಬೆಲ್ಲ ಬೆರಸಿಬಿಡ್ತೇನ್ರಿ. ಅಜ್ಜಿಗೆ ಯಾರ ಹೇಳಾಕ ಹೊಕ್ಕಾರ?"

ಹೂಂ ಎಂದೆ. ಇಲ್ಲಿ ಸುಳ್ಳು ಬರೆಯುವುದಿಲ್ಲ — ಹೂಂ ಎಂದೆ. ಓಣಿಯ ತಿರುವಿನ ತನಕ ನಡೆದೆ... ತಿರುಗಿ ಓಡಿದೆ. ಅತ್ತೆ ನಾಲ್ಕು ತಿಂಗಳು ಆ ಗೋಡೆಗೆ ಒರಗಿ ಜಪ ಮಾಡುವುದು, ನಾನು ಎದುರಿಗೆ ಕುಳಿತು ಅಕ್ಕಿ ಆರಿಸುವುದು. ನನ್ನಿಂದಾಗದು. ಯಜಮಾನರು ತೀರಿಕೊಂಡಾಗ ನನ್ನನ್ನು ತವರಿಗೆ ಕಳಿಸಲು ಎಲ್ಲರೂ ನಿಂತಿದ್ದರು. "ಅಕಿ ನನ್ನ ಮಗಳು. ಸಾಲಿ ಕಲಿಸ್ತೇನಿ" ಎಂದು ಅಡ್ಡ ನಿಂತವರು ಇವರೊಬ್ಬರೇ.

"ಬೆಲ್ಲ ಬ್ಯಾಡ. ಇರುವಿ ಬಿದ್ದ ಆ ರಾಶಿ ಬಿಟ್ಟ ಬಿಡು. ಉಳದದ್ದು ಬರೀ ಸುಣ್ಣದಾಗ ಮಾಡು."

"ನಿಲ್ಲಲಿಲ್ಲಂದ್ರ ನನ್ನ ಹೆಸರ ತಗೀಬ್ಯಾಡ್ರಿ ಮತ್ತ."

"ತಗಿಯೂದಿಲ್ಲ."

೫ ಜೂನ್, ಭಾನುವಾರ

ಮುಗಿಯಿತು. ಒಳಗೆ ನಾನು ಮೆತ್ತಿದ್ದರಲ್ಲಿ ಮೂರು ಗೋಡೆ ಸೊಟ್ಟ, ಒಂದು ನೆಟ್ಟಗೆ. ಹೊರಗೆ ಗುರುಸಿದ್ದನದು ಬೆಳ್ಳಗೆ, ಸಪಾಟು. ಸುಣ್ಣ ಕಡಿಮೆ ಬಿದ್ದು ಸ್ವಲ್ಪ ತೆಳುವಾಗಿದೆ, ಕಾಣುವುದಿಲ್ಲ. ದಿನಕ್ಕೆ ಮೂರು ಸಲ ನೀರು ಹೊಡೆಯುತ್ತೇನೆ. ಕೊಡ ಹೊತ್ತು ಭುಜ ಕಿತ್ತು ಬರುತ್ತಿದೆ. ಅಂಗೈ ಇಟ್ಟು ನೋಡಿದೆ... ತಂಪು. ಅತ್ತೆಯೂ ಬಂದು ಕೈ ಇಟ್ಟು ನೋಡಿದರು. ಇಬ್ಬರೂ ಹುಚ್ಚರ ಹಾಗೆ ನಕ್ಕೆವು.

೧೯ ಜೂನ್, ಭಾನುವಾರ

ಮೂರು ದಿನದ ಮಳೆ. ಪಡುವಣ ಗೋಡೆಯ ಗಿಲಾವು ಬಿತ್ತು. ಹಪ್ಪಳದ ಹಾಗೆ ಉಬ್ಬಿ, ಒಂದೊಂದೇ ಪದರು. ಮಧ್ಯಾಹ್ನದ ಹೊತ್ತಿಗೆ ಇಟ್ಟಿಗೆ ಬಯಲಾಯಿತು. ಗುರುಸಿದ್ದ ಬಂದು ನೋಡಿದ. ಬಿದ್ದ ಚಕ್ಕೆಗಳನ್ನು ಬುಟ್ಟಿಗೆ ತುಂಬಿದ. ಬೈದಿದ್ದರೆ ಚೆನ್ನಾಗಿತ್ತು.

ಭಾವ ಅಂದರು. "ಇನ್ನ ಅವ್ವನ್ನ ಅಲ್ಲಿ ಕಳಸೂದಾಗೂದಿಲ್ಲ. ನೂಲಿನವರಿಗೆ ಮಾತ ಕೊಟ್ಟೇನಿ. ಬೇಕಾದ್ರ ಅವರ ಸಿಮೆಂಟ ಮಾಡಿಸ್ಕೋತಾರ."

ನನ್ನನ್ನು ಯಾರೂ ಕೇಳಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು.

೯ ಜುಲೈ, ಶನಿವಾರ

ಏನು ಬರೆಯಲಿ. ನೂಲಿನವರು ಮಂಗಳವಾರ ಕೀಲಿ ತೆಗೆದುಕೊಳ್ಳುತ್ತಾರೆ. ಗುರುಸಿದ್ದ ಕೂಲಿ ಕೇಳದೆ ಪಡುವಣ ಗೋಡೆಗೆ ರವದಿಯ ತಟ್ಟಿ ಕಟ್ಟಿದ್ದಾನೆ. ಕಬ್ಬಿನ ಒಣ ಗರಿ, ಎಲ್ಲಿ ಬೇಕಾದರೂ ಬಿದ್ದಿರುತ್ತದೆ. "ಒಂದ ಮಳಿಗಾಲ ತಡೀತೈತ್ರಿ, ಬಾಯಾರ." ಯಾರ ಸಲುವಾಗಿ ತಡೆಯಬೇಕು? ನೂಲಿನ ಸಲುವಾಗಿ.

ನಿನ್ನೆ ಅತ್ತೆ ಕೇಳಿದರು: "ಆ ಗಿಲಾವು ನನ್ನಿಂದ ಬಿತ್ತಲ್ಲೇ?"

ಇಲ್ಲ ಎನ್ನಬೇಕಿತ್ತು. "ಹೌದ್ರಿ" ಎಂದೆ. ಎದ್ದು ಒಳಗೆ ಹೋದರು. ನಾಲಿಗೆ ಸುಡಲಿ ನನ್ನದು.

೧೧ ಜುಲೈ, ಸೋಮವಾರ, ದೀಪ ಹಚ್ಚುವ ಹೊತ್ತು

ಹೊಸ ಮನೆಯಲ್ಲಿ ಕುಳಿತು ಬರೆಯುತ್ತಿದ್ದೇನೆ!

ಬೆಳಿಗ್ಗೆ ಅತ್ತೆ ನೇಮ ಹಿಡಿಯಲು ಬಸದಿಗೆ ಹೋದರು. ಊಟದ ಹೊತ್ತಾದರೂ ಮನೆಗೆ ಬರಲಿಲ್ಲ. ಭಾವ ಗಾಡಿ ಕಟ್ಟಿಸಿಕೊಂಡು ಶಾಲೆಗೇ ಬಂದರು. ಹುಡುಕಿ ಹುಡುಕಿ ಇಲ್ಲಿಗೆ ಬಂದರೆ — ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಕುಳಿತಿದ್ದಾರೆ. ಸೀರೆಯೆಲ್ಲ ಒದ್ದೆ. ಒಂದು ತಂಬಿಗೆ, ನೀರು ಸೋಸುವ ಬಟ್ಟೆ, ಜಪಮಾಲೆ. ಕೀಲಿಯನ್ನು ಗುರುಸಿದ್ದನಿಂದ ಇಸಿದುಕೊಂಡರಂತೆ. ಎಪ್ಪತ್ತೊಂದರ ವಯಸ್ಸು, ಆ ಕೆಸರು, ಒಬ್ಬರೇ.

"ಅವ್ವಾ, ಏಳ. ಗಾಡಿ ತಂದೇನಿ," ಎಂದರು ಭಾವ.

"ನೇಮಾ ಹಿಡದಾತು. ಇನ್ನ ಕಾರ್ತಿಕದ ತನಕಾ ಇದ ನನ್ನ ಸೂರ."

"ನೂಲಿನವರಿಗೆ ಏನ ಹೇಳ್ಲಿ?"

"ಮುದುಕಿ ಕುಂತಾಳ ಅಂತ ಹೇಳ."

"ಗ್ವಾಡಿ ಬಿದ್ರ?"

"ನಾ ಕೆಡಿಸಿದ ಗ್ವಾಡಿ, ನನ್ನ ಮ್ಯಾಲ ಬೀಳತೈತಿ. ನಿನಗೇನ?"

ಭಾವ ಛತ್ರಿ ಬಿಚ್ಚಿದರು, ಮುಚ್ಚಿದರು, ಮತ್ತೆ ಬಿಚ್ಚಿ ಹೊರಟರು. ಹೋಗುವಾಗ ಗಾಡಿಯವನಿಗೆ, "ಅವ್ವನ ಹಾಸಗಿ ಒಣಾದ ನೋಡಿ ತಂದ ಕೊಡ," ಅಂದರು. ಒಳ್ಳೆಯವರೇ, ಪಾಪ.

ಅವರು ಹೋದದ್ದೇ ಅತ್ತೆಯ ಮಡಿಲಲ್ಲಿ ಬಿದ್ದು ಬಿಕ್ಕಿದೆ. "ಹೌದ್ರಿ ಅಂದಬಿಟ್ಟೆ. ತಪ್ಪಾತ್ರಿ."

"ಖರೇನ ಅಂದಿ. ಅದಕ್ಯಾಕ ಅಳ್ತಿ? ಏಳು, ಹೊತ್ತ ಮುಳಗೂದರೊಳಗ ಏನರ ತಿನ್ನು."

ಒಂದೇ ತಟ್ಟೆಯಲ್ಲಿ ಚುರಮುರಿ ತಿಂದೆವು. ಮಳೆ ರವದಿಯ ಮೇಲೆ ಹೊಡೆಯುತ್ತಿದೆ. ಮೂಲೆಯಲ್ಲಿ ಸೋರುತ್ತಿದೆ. ಸೋರಲಿ. ನನ್ನ ಮನೆ. ಇಲ್ಲ, ನಮ್ಮ —

"ದೀಪಕ್ಕ ಹುಳಾ ಬಂದ ಬೀಳಾಕತ್ತಾವ. ಆರಸ. ಎಷ್ಟ ಬರೀತಿ?"

ಇನ್ನೊಂದೇ ಸಾಲು ಎಂದೆ. ಆಗದಂತೆ. ನಾಳೆ ಬೆಳಕಿನಲ್ಲಿ ಬರೆ, ಎಲ್ಲಿಗೂ ಹೋಗುವುದಿಲ್ಲ ನಾನು, ಅಂತಾರೆ. ಎಲ್ಲಿಗೂ ಹೋಗುವುದಿಲ್ಲ... ಆಯ್ತು, ಅತ್ತ್ಯಾರ, ಆರಿಸಿದೆ, ಇಗೋ