ನಮ್ಮ ಬೆಂಚು ಅಪರಾಧ, ನಿಮ್ಮ ಕುರ್ಚಿ ಸೇವೆ

ನಗರಸಭೆಯ ಚುನಾವಣಾಧಿಕಾರಿಗಳೇ,

‘ಮಾನ್ಯರೇ’ ಎಂದು ಶುರು ಮಾಡುವುದು ವಾಡಿಕೆ. ನನಗೆ ಕೈ ಬರಲಿಲ್ಲ, ಕ್ಷಮಿಸಿ. ಚುನಾವಣೆಯಲ್ಲಿ ಕಂಪನಿಗಳ ದುಡ್ಡು ನಡೆಯಬಾರದು ಎಂದು ಊರವರ ಸಹಿ ಸಂಗ್ರಹಿಸಿದ್ದಕ್ಕೆ ತಾವು ನನ್ನ ಹೊಲಿಗೆ ಅಂಗಡಿಗೆ ಬೀಗ ಜಡಿದಿದ್ದೀರಿ. ಕಾರಣವೇನೆಂದರೆ, ನನ್ನ ಅಂಗಡಿಯೇ ಒಂದು ‘ವಾಣಿಜ್ಯ ಸಂಸ್ಥೆ’ಯಂತೆ, ಅದು ರಾಜಕೀಯ ಪ್ರಚಾರಕ್ಕೆ ಅಕ್ರಮ ನೆರವು ಕೊಟ್ಟಿದೆಯಂತೆ! ನೋಟಿಸು ಓದಿದಾಗ ಮೊದಲು ನಗು ಬಂತು. ಇನ್ನೊಮ್ಮೆ ಓದಿದೆ, ನಗು ಬರಲಿಲ್ಲ.

ಈ ಮಹಾನ್ ಸಂಸ್ಥೆಯ ವೈಭವವನ್ನು ಪತ್ರಿಕೆಯಲ್ಲಿ ಈ ಪತ್ರ ಓದುವವರೂ ತಿಳಿಯಲಿ. ಅತ್ತೆಯ ಕಾಲದ ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿಪೆಟ್ಟಿಗೆ, ಗಿರಾಕಿಗಳು ಕೂರಲು ಒಂದು ಬೆಂಚು, ತಿರುಗುವುದಕ್ಕಿಂತ ಕಿರುಗುಟ್ಟುವುದೇ ಹೆಚ್ಚಾದ ಒಂದು ಫ್ಯಾನು. ನಾನು ಕತ್ತರಿಸಿ ಹೊಲಿಯುತ್ತೇನೆ, ನನ್ನ ಅತ್ತೆ ಕಾಜಾ ತೆಗೆದು ಗುಂಡಿ ಕೂರಿಸುತ್ತಾರೆ. ಸಿಮೆಂಟು ಕಂಪನಿಯ ಲಾರಿಗಳು ಓಡಾಡುವುದು ನಮ್ಮ ಬಾಗಿಲ ಮುಂದೆಯೇ. ಬೆಳಿಗ್ಗೆ ನೇತುಹಾಕಿದ ಬಿಳಿ ಅಂಗಿ ಸಂಜೆಗೆ ಬೂದಿ ಬಣ್ಣ. ಅತ್ತೆಯ ಕೆಮ್ಮಿಗೆ ಬಣ್ಣವಿಲ್ಲ, ಸದ್ದು ಮಾತ್ರ. ಲಾರಿಗಳಿಗೆ ಹೊದಿಕೆ ಕಡ್ಡಾಯ ಮಾಡಿ ಎಂದು ನಗರಸಭೆಯನ್ನು ಅಂಗಲಾಚಿ ಸಾಕಾಯಿತು. ಪ್ರತಿ ಸಲವೂ ವಿಷಯ ಮುಂದಕ್ಕೆ ಹೋಯಿತು. ಹೋಗದೆ ಏನು? ಮುಂದೂಡಿದ ಸದಸ್ಯರ ಪ್ರಚಾರದ ವಾಹನ, ಬ್ಯಾನರು, ಸಭಾಂಗಣ, ಊಟ ಎಲ್ಲವೂ ಅದೇ ಕಂಪನಿಯ ‘ಸೇವಾ ಪ್ರತಿಷ್ಠಾನ’ದ್ದು. ಇದು ಊರಿಗೇ ಗೊತ್ತು. ತಮಗೊಬ್ಬರಿಗೆ ಗೊತ್ತಿಲ್ಲ.

ಅದಕ್ಕೇ ನಾವು ಕೆಲವರು ಸೇರಿದೆವು. ಆಸ್ಪತ್ರೆಯ ನರ್ಸಮ್ಮ, ನಿವೃತ್ತ ಬಸ್ ಕಂಡಕ್ಟರು, ಪಕ್ಕದ ಬೀದಿಯ ಮೇಷ್ಟ್ರು, ನಾನು. ಸಾಕಷ್ಟು ಮತದಾರರು ಸಹಿ ಮಾಡಿದರೆ ಯಾವ ಪ್ರಸ್ತಾವವನ್ನಾದರೂ ನಗರಸಭೆ ಬಹಿರಂಗ ಸಭೆಯಲ್ಲಿ ಮತಕ್ಕೆ ಹಾಕಲೇಬೇಕು ಎಂಬ ನಿಯಮ ತಮ್ಮದೇ ಪುಸ್ತಕದಲ್ಲಿದೆ. ಅಭ್ಯರ್ಥಿಗಳು ಕಂಪನಿಗಳಿಂದ ಹಣ, ವಾಹನ, ಜಾಗ ಏನನ್ನೂ ಪಡೆಯಕೂಡದು. ಇಷ್ಟೇ ನಮ್ಮ ಪ್ರಸ್ತಾವ. ಅಳತೆ ಕೊಡಲು ಬಂದವರು ಬೆಂಚಿನ ಮೇಲೆ ಕೂತು ಸಹಿ ಮಾಡಿದರು. ಮಿಕ್ಕವರ ಮನೆಬಾಗಿಲಿಗೆ ನಾವೇ ಹೋದೆವು. ಬೇಕಾದ್ದಕ್ಕಿಂತ ಹೆಚ್ಚೇ ಸಹಿಗಳಾದವು.

ಆಮೇಲೆ ನಾವೊಂದು ಪೆದ್ದು ಕೆಲಸ ಮಾಡಿದೆವು. ಅರ್ಜಿಯಲ್ಲಿ ‘ಪಡೆದ ನೆರವು’ ಎಂಬ ಕಾಲಂ ಇತ್ತು. ಖಾಲಿ ಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಕಂಡಕ್ಟರು ಹಟ ಹಿಡಿದರು. “ಬೇರೆಯೋರಿಗೆ ಲೆಕ್ಕ ಕೊಡಿ ಅನ್ನೋರು ನಾವು. ನಾವೇ ಮುಚ್ಚಿಟ್ರೆ ಮುಖ ಎಲ್ಲಿಡೋದು?” ಎಂದರು. ಸರಿ, ಬರೆದೆವು: ಹೊಲಿಗೆ ಅಂಗಡಿಯ ಬೆಂಚು, ಫ್ಯಾನು, ದೀಪ. ಅತ್ತೆ ಪಕ್ಕದಲ್ಲೇ ನಿಂತು, “ಸಹಿ ಹಾಕೋರಿಗೆ ಕೊಟ್ಟ ಟೀ ಬಿಟ್ಟೋಯ್ತಲ್ಲೇ, ಅದನ್ನೂ ಬರಿ” ಎಂದರು. ಅದನ್ನೂ ಬರೆದೆವು. ತಾವು ನಮ್ಮ ಪ್ರಾಮಾಣಿಕತೆಯನ್ನೇ ಸಾಕ್ಷಿ ಮಾಡಿಕೊಂಡು ಬೀಗ ತಂದಿರಿ.

ವಿಚಾರಿಸಲು ತಮ್ಮ ಕೋಣೆಗೆ ಬಂದೆ. ತಾವು ಬಹಳ ಮೃದುವಾಗಿ ಮಾತಾಡಿದಿರಿ.

“ನೋಡಮ್ಮಾ, ಒಂದ್ ಸಾಲು ಬರ್ಕೊಟ್ಬಿಡಿ. ಅಂಗಡಿ ನೆರವಿಂದ ಸಹಿ ಮಾಡಿಸಿದ್ದು ತಪ್ಪಾಯ್ತು ಅಂತ. ಸಂಜೆಯೊಳಗೆ ಬೀಗ ತೆಗಿಸ್ತೀನಿ.”

“ಮತ್ತೆ ಜನರ ಸಹಿಗಳು?”

“ಅವು ತಾನಾಗೇ ರದ್ದಾಗುತ್ತೆ. ನಿಮಗ್ಯಾಕಮ್ಮ ಆ ತಲೆನೋವು?”

ಎದ್ದು ನಿಂತಾಗ ಕಂಡಿತು, ನಾನು ಕೂತಿದ್ದ ಕುರ್ಚಿಯ ಬೆನ್ನಿಗೆ ಆ ಪ್ರತಿಷ್ಠಾನದ ಹೆಸರು ಬರೆದಿತ್ತು. ‘ಕೊಡುಗೆ’ ಎಂದು ದಪ್ಪಕ್ಷರದಲ್ಲಿ. ತಮ್ಮ ಕೋಣೆಯ ಎಲ್ಲ ಕುರ್ಚಿಗಳ ಮೇಲೂ, ತಾವು ಕೂತಿದ್ದರ ಮೇಲೂ. ಥೂ! ನನ್ನ ಬೆಂಚಿನ ಮೇಲೆ ಕೂತವರು ಭ್ರಷ್ಟರು, ಆ ಕುರ್ಚಿಯ ಮೇಲೆ ಕೂತವರು ನಿಷ್ಪಕ್ಷಪಾತಿಗಳು! ಇದು ಯಾವ ಸೀಮೆ ನ್ಯಾಯ, ಸ್ವಾಮಿ? ನನ್ನ ಟೀಯಲ್ಲಿ ಕಾಣುವ ಪ್ರಭಾವ ಅವರ ಊಟದಲ್ಲಿ ಯಾಕೆ ಕಾಣುವುದಿಲ್ಲ? ಲಂಚ ತಿನ್ನುವವನನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಅಷ್ಟೇ. ಆದರೆ ಲಂಚ ತಡೆಯಲೆಂದು ಇರುವ ಕಾನೂನನ್ನೇ ಹಿಡಿದು, ಲಂಚ ಬೇಡವೆಂದವರ ಕುತ್ತಿಗೆ ಹಿಸುಕಿ, ‘ಅಮ್ಮಾ’ ಎಂದು ಕರೆಯುವವರನ್ನು ಕಂಡರೆ ವಾಕರಿಕೆ ಬರುತ್ತದೆ.

ನಾನು ಧೀರೆಯೇನಲ್ಲ. ಮನೆಗೆ ಬಂದು ಬರೆದುಕೊಡುವುದೋ ಬೇಡವೋ ಎಂದು ಒದ್ದಾಡಿದೆ. ಅತ್ತೆಯಂತೂ, “ಬರ್ಕೊಟ್ಬಿಡೇ. ಮಿಷಿನ್ ತುಳಿದ್ರೆ ತಾನೇ ಒಲೆ ಉರಿಯೋದು?” ಎಂದು ಕಣ್ಣೊರೆಸಿಕೊಂಡರು. ಅವರ ಮಾತೂ ಸುಳ್ಳಲ್ಲ. ಅಷ್ಟರಲ್ಲಿ ನರ್ಸಮ್ಮ ಬಂದಳು. ಅವಳ ಡ್ಯೂಟಿಯ ಕೋಟು ಅಂಗಡಿಯೊಳಗೇ ಸಿಕ್ಕಿಹಾಕಿಕೊಂಡಿತ್ತು. ಇನ್ನು ಇವಳ ಕೈಲೂ ಬೈಸಿಕೊಳ್ಳಬೇಕಲ್ಲಪ್ಪಾ ಎಂದುಕೊಂಡೆ.

“ಅಕ್ಕಾ, ಕೋಟಿಲ್ದೆ ಮೇಲಿನೋರ ಹತ್ರ ಉಗಿಸ್ಕೊಂಡು ಬಂದೆ” ಎಂದಳು. “ಪರವಾಗಿಲ್ಲ, ಇನ್ನೊಂದಷ್ಟು ದಿನ ಉಗಿಸ್ಕೋತೀನಿ. ಆದ್ರೆ ನಾನ್ ಮಾಡಿದ ಸಹೀನ ನೀನು ತಪ್ಪು ಅಂತ ಮಾತ್ರ ಬರ್ಕೊಡ್ಬೇಡ. ಅದು ನಿಂದಲ್ಲ, ನಂದು.”

ನನಗೆ ನಾಚಿಕೆಯಾಯಿತು. ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಕೆಮ್ಮಿದರು. ಆಮೇಲೆ ಹೇಳಿದರು: “ಅಂಗಡಿ ನಿಂದಿರಬಹುದು ಕಣೇ. ಮಿಷಿನ್ ನಂದು. ನಾನ್ ಹೇಳ್ತಿದೀನಿ, ತುಕ್ಕು ಹಿಡೀಲಿ ಬಿಡು.”

ಆದ್ದರಿಂದ ಅಧಿಕಾರಿಗಳೇ, ಆ ಒಂದು ಸಾಲನ್ನು ನಾನು ಬರೆದುಕೊಡುವುದಿಲ್ಲ. ಒಳಗಿರುವ ಬಟ್ಟೆಗಳು ಯಾವ ಪ್ರಚಾರವನ್ನೂ ಮಾಡಿಲ್ಲ, ಅವನ್ನು ನಾಳೆಯೇ ಅವರವರಿಗೆ ಕೊಡಿಸಿ. ಅಂಗಡಿ ತೆರೆಯಿರೆಂದು ಇನ್ನು ತಮ್ಮ ಮುಂದೆ ಕೈಯೊಡ್ಡಲಾರೆ. ನನಗೆ ಬೇಕಾದದ್ದು ಒಂದೇ: ಊರವರ ಸಹಿಗಳನ್ನು ಊರವರ ಕಣ್ಣೆದುರೇ ಎಣಿಸಿ, ಪ್ರಸ್ತಾವವನ್ನು ಮುಂದಿನ ಸಭೆಯಲ್ಲಿ ಮತಕ್ಕೆ ಹಾಕಿ. ಯಾವ ಸದಸ್ಯ ಯಾವ ಕಡೆಗೆ ಕೈ ಎತ್ತುತ್ತಾನೆ ಎಂದು ನಾವು ನೋಡಬೇಕು. ಅಲ್ಲಿಯವರೆಗೆ ಬೀಗ ಹಾಗೇ ಇರಲಿ.

ಇಂತಿ,
ತಮ್ಮ ಕಡತದ ಪ್ರಕಾರ ಬಲಾಢ್ಯ ವಾಣಿಜ್ಯ ಶಕ್ತಿ,
ಸದ್ಯಕ್ಕೆ ಕೆಲಸವಿಲ್ಲದೆ ಮನೆಯಲ್ಲಿ ಕೂತಿರುವ ದರ್ಜಿ